ದತ್ತು ಕೊಟ್ಟವರ ಹೆಸರು

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಶಾಸನಗಳಲ್ಲಿ ದೇಗುಲಕ್ಕೆ, ಬಸದಿಗೆ ‘ಬಿಟ್ಟ ದತ್ತಿ’ಯೂ ಇದೇ. ಇದರ ಒಡಹುಟ್ಟು ದತ್ತು. ಎರಡಕ್ಕೂ ಮೂಲ ‘ದತ್ತ’, ಅಂದರೆ ಕೊಟ್ಟದ್ದು. ಆ ಪೇಟೆಗೆ ಹೆಸರಾದ ಹತ್ತನೆಯ ಚಾಮರಾಜೇಂದ್ರ ಒಡೆಯರೂ ದತ್ತುಪುತ್ರರೇ.

ಮನೆಮಾತಿನಲ್ಲಿ ಈ ಪದ ಮೂರು ಬಗೆಯಲ್ಲಿ ಓಡಾಡುತ್ತದೆ: ದತ್ತು ತಗೊಂಡರು, ದತ್ತು ಕೊಟ್ಟರು, ದತ್ತು ಹೋದ. ಮೈಸೂರು ಅರಮನೆಯ ಚರಿತ್ರೆಗೆ ಮೊದಲನೆಯದೇ ಸಾಕಾಗಿದೆ. 1865ರಲ್ಲಿ, ಎಪ್ಪತ್ತು ದಾಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ತಗೊಂಡರು ಎಂದು ಪುಸ್ತಕಗಳು ಹೇಳುತ್ತವೆ. ಬೆಟ್ಟದಕೋಟೆ ಅರಸು ಮನೆತನದಿಂದ ದತ್ತು ಹೋದ ಕೂಸಿಗೆ ಆಗಷ್ಟೇ ಎರಡು ತುಂಬಿತ್ತು. ಮಡಿಲಿನಿಂದ ಎತ್ತಿಕೊಟ್ಟ ತಾಯಿಯನ್ನು ಆ ಪುಟಗಳಲ್ಲಿ ಹುಡುಕುತ್ತೇನೆ. ಕಮಿಷನರ್ ಬೌರಿಂಗ್ ಸಿಗುತ್ತಾನೆ, ಗವರ್ನರ್ ಜನರಲ್ ಲಾರೆನ್ಸ್ ಸಿಗುತ್ತಾನೆ, ಅವಳು ಸಿಗುವುದಿಲ್ಲ.

ಈ ದತ್ತಿನ ಬಗ್ಗೆ ಸಾಹೇಬರು ಅಷ್ಟೊಂದು ಬರೆದದ್ದಕ್ಕೆ ಕಾರಣವಿತ್ತು. ದತ್ತಿನ ತಕರಾರಿನಲ್ಲೇ ಕಿತ್ತೂರು ಕೈತಪ್ಪಿತ್ತು. 1824ರಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತುಮಗನನ್ನು ಒಪ್ಪಲಿಲ್ಲ; ಚೆನ್ನಮ್ಮ ಯುದ್ಧಕ್ಕೇ ನಿಂತರು. ಮುಂದೆ ಡಾಲ್‌ಹೌಸಿ ಇದನ್ನೇ ನೀತಿ ಮಾಡಿಕೊಂಡು ಸತಾರಾ, ಝಾನ್ಸಿಗಳನ್ನು ನುಂಗಿದ. ಮುಮ್ಮಡಿಯವರ ಕೈಯಿಂದ ಆಡಳಿತ 1831ರಲ್ಲೇ ಹೋಗಿತ್ತು, ಉಳಿದಿದ್ದದ್ದು ಪಟ್ಟ ಮಾತ್ರ. 1867ರಲ್ಲಿ ಲಂಡನ್ನಿನ ಸರ್ಕಾರ ದತ್ತನ್ನು ಒಪ್ಪಿತು. ಮರುವರ್ಷವೇ ಮುಮ್ಮಡಿಯವರು ತೀರಿಕೊಂಡರು. 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರರ ಕೈಗೆ ಮರಳಿತು. 1892ರಲ್ಲಿ ಚಾಮರಾಜಪೇಟೆ ಹುಟ್ಟಿತು.

ಇಷ್ಟನ್ನೂ ನಮ್ಮ ಜನ ‘ಮೈಸೂರು ದೊರೆಗೆ ಮಕ್ಕಳಾಗದೇ ಹೋಗಲಿ’ ಎಂಬ ತಲಕಾಡಿನ ಅಲಮೇಲಮ್ಮನ ಶಾಪಕ್ಕೆ ಒಪ್ಪಿಸಿ ಸುಮ್ಮನಾಗುತ್ತಾರೆ. ಆ ಕಥೆಯ ಮೇಲೆ ನನಗೆ ಗೌರವವಿದೆ, ಒಬ್ಬ ಹೆಂಗಸಿನ ಸಂಕಟವನ್ನು ನಾನೂರು ವರ್ಷ ಆರದಂತೆ ಕಾಪಾಡಿಕೊಂಡು ಬಂದಿದೆ. ಆದರೆ ಪಟ್ಟಕ್ಕೆ ಯಾರು ಬರಬೇಕೆಂದು ನಿರ್ಧರಿಸಿದವರು ಯಾರು, ರುಜು ಹಾಕಿದವರು ಯಾರು ಎಂದು ಕೇಳುವ ಬಾಯನ್ನೂ ಅದು ಕಟ್ಟಿಬಿಡುತ್ತದೆ. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಯದುವೀರರನ್ನು ದತ್ತು ತಗೊಂಡಾಗಲೂ ಊರೆಲ್ಲ ಶಾಪದ ಮಾತೇ.

ಈಗ ಪದದ ಸಂಸಾರ ದೊಡ್ಡದಾಗಿದೆ. ಸರ್ಕಾರಿ ಶಾಲೆ, ಕೆರೆ, ಮೃಗಾಲಯದ ಆನೆ ಎಲ್ಲವೂ ದತ್ತು ಹೋಗುತ್ತಿವೆ. ಅಲ್ಲೂ ಬೋರ್ಡಿನ ಮೇಲೆ ತಗೊಂಡವರದೇ ಹೆಸರು.

ಕೊಟ್ಟವರ ಹೆಸರು ಉಳಿದಿರುವುದು ಸಾಮಾನ್ಯರ ಮನೆಯ ದತ್ತಕ ಪತ್ರಗಳಲ್ಲಿ. ಮಡಿಕೆಯಲ್ಲಿ ಹರಿದ ಛಾಪಾ ಕಾಗದ, ಕೊಟ್ಟವರು ಇಂಥವರು, ತೆಗೆದುಕೊಂಡವರು ಇಂಥವರು, ಮಗುವಿನ ವಯಸ್ಸು, ಕೆಳಗೆ ಸಾಕ್ಷಿಗಳ ರುಜು, ಒಂದೆರಡು ಹೆಬ್ಬೆಟ್ಟು. ಚರಿತ್ರೆ ಓದುವವನಿಗೆ ಇದಕ್ಕಿಂತ ದೊಡ್ಡ ಆಸ್ತಿಯಿಲ್ಲ. ಬಸವನಗುಡಿ, ಮಲ್ಲೇಶ್ವರಂನ ಹಳೇ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿರುವವರು ಅಟ್ಟದ ಟ್ರಂಕನ್ನು ಹಾಗೇ ರದ್ದಿಯವನಿಗೆ ಕೊಡಬೇಡಿ. ಒಮ್ಮೆ ಬಿಚ್ಚಿ ನೋಡಿ. ಅಂಥ ಕಾಗದ ಸಿಕ್ಕರೆ ವಿಧಾನಸೌಧದ ರಾಜ್ಯ ಪತ್ರಾಗಾರದವರಿಗೆ ತೋರಿಸಿ.