ಮೊಟ್ಟೆಯ ಸಂಗ್ರಹ (ಮನೆಯಲ್ಲಿ)

ಕೋಳಿಮೊಟ್ಟೆಯನ್ನು ಕೆಡದಂತೆ, ಅದರಿಂದ ರೋಗಾಣು ಹರಡದಂತೆ ಇಟ್ಟು ಬಳಸುವ ಕ್ರಮ. ಚಿಪ್ಪು ಗಟ್ಟಿಯಾಗಿ ಕಂಡರೂ ಅದರಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ; ಕೋಳಿ ಮೊಟ್ಟೆಯಿಟ್ಟೊಡನೆ ಒಣಗುವ ತೆಳುಪೊರೆಯೊಂದು ಅವನ್ನು ಮುಚ್ಚಿರುತ್ತದೆ. ಅಂಗಡಿಯಿಂದ ತಂದ ಕೂಡಲೇ ತೊಳೆದಿಡುವುದು ಶುಚಿಯೆನಿಸಿದರೂ ಈ ಪೊರೆಯನ್ನೇ ಕಳೆಯುತ್ತದೆ. ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಅಮೆರಿಕದಲ್ಲಿ ತೊಳೆದೇ ಮಾರುವುದರಿಂದ ಅಲ್ಲಿ ಫ್ರಿಜ್ ಬೇಕೇಬೇಕು. ಫ್ರಿಜ್ ಬಾಗಿಲಿನ ಗುಳಿಗಳು ಮೊಟ್ಟೆಗೆಂದೇ ಮಾಡಿದವು, ಆದರೆ ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿ ತಾಗುವ ಜಾಗವೂ ಅದೇ. ಒಳಗಿನ ತಟ್ಟೆ ಮೇಲು. ನೀರಿನಲ್ಲಿ ತೇಲುವ ಮೊಟ್ಟೆ ಹಳತು, ಅದರೊಳಗಿನ ಗಾಳಿಗೂಡು ಹಿಗ್ಗಿರುತ್ತದೆ. ಮುಳುಗಿದ್ದರಲ್ಲಿ ಸಾಲ್ಮೊನೆಲ್ಲಾ ರೋಗಾಣು ಇಲ್ಲವೆಂದೇನೂ ಅರ್ಥವಲ್ಲ. ಬಿಳಿ, ಹಳದಿ ಎರಡೂ ಗಟ್ಟಿಯಾಗುವಂತೆ ಬೇಯಿಸುವುದು ಕ್ಷೇಮ. ಬೇಯಿಸಿದ ಮೊಟ್ಟೆ ಫ್ರಿಜ್‌ನಲ್ಲಿ ಒಂದು ವಾರ ಬಾಳುತ್ತದೆ. ಹಸಿಮೊಟ್ಟೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು.