ಚಹಾ ಕುಡಿಯುವಷ್ಟು ಹೊತ್ತು

ಟ್ರಾನ್ಸಿಸ್ಟರ್ ರೇಡಿಯೋದ ದನಿ ವಾರ್ತೆಯ ನಡುವೆಯೇ ಕುಗ್ಗುತ್ತ ಬಂದು ಕೊನೆಗೆ ಪಿಸುಮಾತಾಗಿ ನಿಂತುಹೋದ ಅನುಭವ ತಮ್ಮಲ್ಲಿ ಅನೇಕರಿಗೆ ಆಗಿರಬಹುದು. ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿದರೆ ಅಲ್ಲಿಗೆ ತೀರಿತು. ಇದೇ ಸಂಕಟ ನಡುದಾರಿಯಲ್ಲಿ, ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೊರಟ ಕಾರಿಗೆ ಬಂದರೆ ಏನು ಗತಿ? ವಿದ್ಯುತ್ ಕಾರಿನ ಚರಿತ್ರೆಯ ಬಹುಭಾಗ ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ಕಳೆದಿದೆ ಎಂದರೆ ತಪ್ಪಾಗಲಾರದು. ದೊಡ್ಡ ಬ್ಯಾಟರಿಯನ್ನು ಕೊಳ್ಳಬಲ್ಲವರಿಗೆ ಉತ್ತರ ಸುಲಭವಾಗಿಯೇ ದೊರೆಯಿತು. ಚಿಕ್ಕ ಬ್ಯಾಟರಿಯವರ ಪಾಡು ಬೇರೆ.

ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂಟೆ ಎಂಬಾತ 1859ರಲ್ಲಿ ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ಮತ್ತೆ ಮತ್ತೆ ತುಂಬಿಸಬಹುದಾದ ಬ್ಯಾಟರಿಯನ್ನು ರಚಿಸಿದನು. 1881ರಲ್ಲಿ ಕಮೀಲ್ ಫೋರ್ ಅದನ್ನು ಸುಧಾರಿಸಿದನು. 1900ರ ಹೊತ್ತಿಗೆ ಅಮೆರಿಕದಲ್ಲಿ ಆ ವರ್ಷ ತಯಾರಾದ ಸುಮಾರು 4,200 ಕಾರುಗಳಲ್ಲಿ 1,500ಕ್ಕೂ ಹೆಚ್ಚು ವಿದ್ಯುತ್ತಿನವು. ಪೆಟ್ರೋಲಿನವು ಸಾವಿರವೂ ಇರಲಿಲ್ಲ! ಆದರೆ ಸೀಸದ ಬ್ಯಾಟರಿಗೆ ಅವಸರ ಸಲ್ಲದು. ಜೋರಾಗಿ ತುಂಬಹೋದರೆ ಅದರೊಳಗಿನ ನೀರು ಒಡೆದು ಅನಿಲವಾಗುವುದು, ಫಲಕಗಳು ಕಾದು ಸವೆಯುವುವು. 1897ರಲ್ಲಿ ನ್ಯೂಯಾರ್ಕಿನ ಬೀದಿಗಿಳಿದ ವಿದ್ಯುತ್ ಬಾಡಿಗೆ ಗಾಡಿಗಳವರು ಇದನ್ನು ಬಲ್ಲವರಾಗಿದ್ದರು. ಗಾಡಿ ನಿಲ್ದಾಣಕ್ಕೆ ಬಂದೊಡನೆ ಬರಿದಾದ ಬ್ಯಾಟರಿಯನ್ನು ಯಂತ್ರದಿಂದ ಹೊರಗೆಳೆದು, ತುಂಬಿದ ಇನ್ನೊಂದನ್ನು ಒಳದೂಡಿ ಕೆಲವೇ ನಿಮಿಷಗಳಲ್ಲಿ ಕಳುಹಿಸಿಬಿಡುತ್ತಿದ್ದರು. ಅಂಚೆ ಕುದುರೆಗಳನ್ನು ಬದಲಾಯಿಸಿದ ಹಾಗೆಯೇ ಸರಿ.

ಹಾಗಾದರೆ ಬ್ಯಾಟರಿಗೆ ಅವಸರವೇಕೆ ಆಗದು? ಮದುವೆ ಛತ್ರದ ಊಟದ ಪಂಕ್ತಿಯನ್ನು ನೆನೆದುಕೊಳ್ಳಿ. ಬಾಗಿಲು ತೆರೆದೊಡನೆ ಮೊದಲು ನುಗ್ಗಿದವರಿಗೆ ಬೇಕಾದಷ್ಟು ಎಲೆಗಳಿರುತ್ತವೆ, ಥಟ್ಟನೆ ಕೂರುತ್ತಾರೆ. ಕೊನೆಕೊನೆಗೆ ಬಂದವರು ಎಲ್ಲಿ ಒಂದು ಎಲೆ ಖಾಲಿಯಿದೆಯೆಂದು ಸಾಲುಸಾಲು ಅಲೆಯಬೇಕು. ಲಿಥಿಯಂ ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು ಇಂಗಾಲದ ಪದರಗಳ ನಡುವೆ ಹೀಗೆಯೇ ಜಾಗ ಹಿಡಿಯುತ್ತವೆ. ಅತಿಯಾಗಿ ದಬ್ಬಿದರೆ ಜಾಗ ಸಿಗದವು ಬಾಗಿಲಲ್ಲೇ ಲೋಹವಾಗಿ ಕುಳಿತುಬಿಡುತ್ತವೆ, ಬ್ಯಾಟರಿ ಕೆಟ್ಟಿತು. ನೂರಕ್ಕೆ 80 ತುಂಬಿದ ಮೇಲೆ ವೇಗ ತಗ್ಗುವ ಕಾರಣವೂ ಇದೇ.

ದೊಡ್ಡ ಛತ್ರದಲ್ಲಿ ಬಾಗಿಲೂ ಹೆಚ್ಚು, ಸಾಲೂ ಹೆಚ್ಚು. ಬರಿಯ ಲೆಕ್ಕಕ್ಕೆಂದು, 80 ಯೂನಿಟ್ ಹಿಡಿಯುವ ಬ್ಯಾಟರಿ 160 ಕಿಲೋವಾಟಿನ ಪ್ರವಾಹವನ್ನು ತಡೆದುಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ಅದೇ ಜಾತಿಯ 16 ಯೂನಿಟ್ಟಿನದು 32 ಕಿಲೋವಾಟನ್ನಷ್ಟೇ ತಡೆದೀತು. ಇಬ್ಬರೂ ನಿಲ್ಲುವುದು ಒಂದೇ ಅರ್ಧ ಗಂಟೆ. ಆದರೆ ಒಬ್ಬ ಎದ್ದು ಹೋಗುವಾಗ ಇನ್ನೊಬ್ಬನ ಐದರಷ್ಟು ಶಕ್ತಿಯನ್ನು ಒಯ್ಯುತ್ತಾನೆ. ಬಡವನ ಕಾರಿಗೆ ಪದೇ ಪದೇ ನಿಲ್ಲುವ ಕಷ್ಟ. ನಿಂತಾಗಲೂ ಅಲ್ಪ ಲಾಭ.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲುಂಟು. 2001ರಲ್ಲಿ ಇಲ್ಲಿಂದ ಹೊರಬಿದ್ದ ಪುಟ್ಟ ‘ರೇವಾ’ ಕಾರು ಸೀಸದ ಎಂಟು ಬ್ಯಾಟರಿಗಳನ್ನು ಹೊತ್ತು, ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು ಓಡುವುದೆಂದು ಹೇಳಲಾಗಿತ್ತು. ಪೂರ್ತಿ ತುಂಬಲು ಎಂಟು ಗಂಟೆ. ಆದರೆ ನೂರಕ್ಕೆ 80ರಷ್ಟು ಎರಡೂವರೆ ಗಂಟೆಯಲ್ಲಿಯೇ ತುಂಬುತ್ತಿತ್ತು. ಲಂಡನ್ನಿನ ಬೀದಿಗಳಲ್ಲಿಯೂ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. ನೋಡಿ ನಕ್ಕವರು ಇದ್ದರು, ಕೊಂಡವರೂ ಇದ್ದರು.

ಚಿಕ್ಕ ಬ್ಯಾಟರಿಯ ಪಕ್ಷವನ್ನು ಮನಸ್ಸಿಟ್ಟು ವಹಿಸಿದವರು ಜಪಾನಿನವರು. ಟೋಕಿಯೋ ವಿದ್ಯುತ್ ಕಂಪನಿಯು ತನ್ನ ನೌಕರರಿಗೆ ಓಡಾಟಕ್ಕಾಗಿ ವಿದ್ಯುತ್ ಕಾರುಗಳನ್ನು ಕೊಟ್ಟು ಪರೀಕ್ಷಿಸಿತು. ತುಂಬುವ ವ್ಯವಸ್ಥೆ ಕಚೇರಿಯಲ್ಲಿ ಮಾತ್ರ ಇದ್ದಾಗ ಅವರು ಅಂಜಿ ಅಂಜಿ ಹತ್ತಿರದಲ್ಲೇ ಸುತ್ತಿ, ಅರ್ಧಕ್ಕಿಂತ ಹೆಚ್ಚು ಶಕ್ತಿ ಉಳಿದಿರುವಾಗಲೇ ಹಿಂದಿರುಗುತ್ತಿದ್ದರು. ಇನ್ನೊಂದು ಕಡೆ ಶೀಘ್ರವಾಗಿ ತುಂಬುವ ಯಂತ್ರವನ್ನಿಟ್ಟ ಮೇಲೆ ಅವರ ಓಡಾಟ ದೂರದೂರಕ್ಕೆ ಹಬ್ಬಿತು. ವಿಚಿತ್ರವೆಂದರೆ ಆ ಯಂತ್ರದ ಬಳಿಗೆ ಹೋದವರು ಹೆಚ್ಚಿರಲಿಲ್ಲ. ಅದು ಅಲ್ಲಿದೆಯೆಂಬ ಧೈರ್ಯವೇ ಸಾಕಾಗಿತ್ತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿಲ್ಲ.

2009ರಲ್ಲಿ ಬಂದ ಮಿತ್ಸುಬಿಷಿಯ ಐ-ಮೀವ್ ಕಾರಿನ ಬ್ಯಾಟರಿ 16 ಯೂನಿಟ್ಟಿನದು. 30 ನಿಮಿಷಕ್ಕೆ ನೂರಕ್ಕೆ 80 ತುಂಬುವುದು. ಮರುವರ್ಷ ಜಪಾನಿನ ಕಂಪನಿಗಳು ಕೂಡಿ ಒಂದು ಸಂಘ ಕಟ್ಟಿ, ಈ ಶೀಘ್ರ ವ್ಯವಸ್ಥೆಗೆ ‘ಚಾಡೆಮೊ’ ಎಂಬ ಹೆಸರನ್ನೇ ಉಳಿಸಿಕೊಂಡವು. ಅದರಲ್ಲಿ ಜಪಾನೀ ಮಾತಿನ ಶ್ಲೇಷೆಯಿದೆ: “ಒಂದು ಚಹಾ ಆಗಬಹುದೆ?”

ಚಹಾದ ಹೊತ್ತನ್ನು ಇನ್ನೂ ಅರ್ಧಕ್ಕಿಳಿಸಿದ ಕೀರ್ತಿ ತೋಷಿಬಾ ಕಂಪನಿಗೆ ಸಲ್ಲಬೇಕು. ಇಂಗಾಲದ ಬದಲು ಲಿಥಿಯಂ ಟೈಟನೇಟನ್ನು ಬಳಸಿದ ಅದರ ಬ್ಯಾಟರಿಯಲ್ಲಿ ಬಾಗಿಲಲ್ಲಿ ಲೋಹ ಕೂರುವ ಭಯ ಬಹುಮಟ್ಟಿಗಿಲ್ಲ. 2011ರ ಐ-ಮೀವ್‌ಗಳಲ್ಲಿ ಒಂದು ಮಾದರಿಗೆ ಇದನ್ನೇ ಹಾಕಿದರು. ಕೇವಲ 10.5 ಯೂನಿಟ್, ನೂರಕ್ಕೆ 80 ತುಂಬಲು 15 ನಿಮಿಷ! ಆದರೆ ಅದೇ ತೂಕಕ್ಕೆ ಹಿಡಿಯುವ ಶಕ್ತಿ ಕಡಿಮೆ, ಬೆಲೆ ಹೆಚ್ಚು. ಲೋಕವು ದೊಡ್ಡ ಬ್ಯಾಟರಿಯ ಹಾದಿಯನ್ನೇ ಹಿಡಿಯಿತು. ಐ-ಮೀವ್ ತಯಾರಿಕೆ 2021ರಲ್ಲಿ ನಿಂತಿತು. ಇದು ವಿಷಾದದ ಸಂಗತಿಯೆಂದೇ ನನ್ನ ಎಣಿಕೆ.

ನಮ್ಮ ದೇಶದಲ್ಲಿ 2022ರಲ್ಲಿ ಟಾಟಾದವರ ಟಿಯಾಗೋ ವಿದ್ಯುತ್ ಕಾರು 19.2 ಮತ್ತು 24 ಯೂನಿಟ್ಟುಗಳ ಬ್ಯಾಟರಿಯೊಡನೆ ಬಂದಿತು. ಶೀಘ್ರ ಯಂತ್ರದಲ್ಲಿ ನೂರಕ್ಕೆ 10ರಿಂದ 80ರವರೆಗೆ ತುಂಬಲು ಅದಕ್ಕೆ ಒಂದು ಗಂಟೆಗೆ ಎರಡು ಮೂರು ನಿಮಿಷವಷ್ಟೇ ಕಡಿಮೆ. ಚಹಾಕ್ಕೆ ಇದು ಹೆಚ್ಚಾಯಿತು. ಕೈಕಾಲು ತೊಳೆದು, ಸಾವಕಾಶವಾಗಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬರುವಷ್ಟು ಹೊತ್ತು.