ಕಾರಿನ ಹಾಡೂ ತಾಮ್ರದ ತಂತಿಯೂ

ಆಯುಧಪೂಜೆಯ ಸಂಜೆ ಪೀಣ್ಯದ ಕೈಗಾರಿಕಾ ರಸ್ತೆಗಳಲ್ಲಿ ನಡೆದಾಡಿದವರಿಗೆ ಈ ನೋಟ ಪರಿಚಿತ. ಲೇತುಗಳಿಗೆ, ಡ್ರಿಲ್ಲಿಂಗ್ ಯಂತ್ರಗಳಿಗೆ ಕುಂಕುಮವಿಟ್ಟಾದ ಮೇಲೆ, ಬಾಳೆಕಂದು ಕಟ್ಟಿದ ಕಾರೊಂದರ ಡಿಕ್ಕಿಯಿಂದ ಹಾಡು ಮೊಳಗತೊಡಗುತ್ತದೆ. ಡೋಲಿನ ಪ್ರತಿ ಪೆಟ್ಟಿಗೂ ಅದರ ಹೆಡ್‌ಲೈಟುಗಳು ಮಂಕಾಗಿ ಮತ್ತೆ ಬೆಳಗುತ್ತವೆ. ಹುಡುಗರು ಇದನ್ನು ಅಲಂಕಾರವೆಂದೇ ಭಾವಿಸಿ ಹಿಗ್ಗುತ್ತಾರೆ. ಕಾರು ಮಾತ್ರ ತನಗೆ ಉಸಿರು ಸಾಲುತ್ತಿಲ್ಲವೆಂದು ಹೇಳಿಕೊಳ್ಳುತ್ತಿರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕಾರು ಕೊಂಡವರು ಆಗಾಗ ಕೇಳುವುದುಂಟು: “ಸಾರ್, ದೊಡ್ಡ ಆಂಪ್ಲಿಫೈಯರ್ ಹಾಕಿಸಿದರೆ ಬ್ಯಾಟರಿ ಬದಲಿಸಬೇಕೇ, ತಂತಿ ಬದಲಿಸಬೇಕೇ?” ಉತ್ತರಕ್ಕೆ ತೊಂಬತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಕಾರಿಗೆಂದೇ ತಯಾರಾದ ರೇಡಿಯೋಗಳಲ್ಲಿ ಮೊದಲು ಜನಪ್ರಿಯವಾದವುಗಳಲ್ಲೊಂದು 1930ರಲ್ಲಿ ಶಿಕಾಗೋದ ಗಾಲ್ವಿನ್ ಸಂಸ್ಥೆ ಹೊರತಂದ ‘ಮೋಟೊರೋಲಾ’. ಸಾಲ ಕೇಳಲು ಹೋದ ಪಾಲ್ ಗಾಲ್ವಿನ್ ಬ್ಯಾಂಕಿನವನ ಕಾರಿಗೆ ರೇಡಿಯೋ ಕೂಡಿಸಿಕೊಟ್ಟನೆಂದೂ, ಅರ್ಧ ಗಂಟೆಯಲ್ಲಿ ಆ ಕಾರಿಗೆ ಬೆಂಕಿ ಹತ್ತಿತೆಂದೂ ಒಂದು ಕಥೆ ಚಾಲ್ತಿಯಲ್ಲಿದೆ. ನಿಜವೋ ಉತ್ಪ್ರೇಕ್ಷೆಯೋ, ಕಾರಿನ ಸಂಗೀತದ ಚರಿತ್ರೆ ಬೆಂಕಿಯ ಕಥೆಯೊಂದಿಗೆ ಆರಂಭವಾಗುವುದು ಅರ್ಥಪೂರ್ಣವೇ ಸರಿ.

ಆ ಕಾಲದ ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾಗಿ 6 ವೋಲ್ಟಿನ ಬ್ಯಾಟರಿ ಇರುತ್ತಿತ್ತು. ರೇಡಿಯೋದ ವಾಲ್ವುಗಳಿಗೋ ಇನ್ನೂರು ವೋಲ್ಟಿನ ಆಸುಪಾಸು ಬೇಕು. ನೇರ ಪ್ರವಾಹವನ್ನು ಟ್ರಾನ್ಸ್‌ಫಾರ್ಮರ್ ಏರಿಸಲಾರದೆಂದು ಹತ್ತನೆಯ ತರಗತಿಯಲ್ಲಿ ಓದಿದ್ದೀರಿ. ಆದ್ದರಿಂದ ‘ವೈಬ್ರೇಟರ್’ ಎಂಬ ಕಂಪಿಸುವ ಪುಟ್ಟ ಸ್ವಿಚ್ಚಿನಿಂದ ಆ ಪ್ರವಾಹವನ್ನು ತುಂಡುತುಂಡಾಗಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತಿದ್ದರು. ಹಾಡಿನ ಹಿಂದೆ ಅದರ ಗುಂಯ್‌ಗುಟ್ಟುವಿಕೆಯೂ ಇರುತ್ತಿತ್ತು. ಈ ವೈಬ್ರೇಟರನ್ನು ನೆನಪಿಡಿ, ಮುಂದೆ ವೇಷ ಮರೆಸಿಕೊಂಡು ಬರುತ್ತದೆ.

1950ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರುಗಳು 12 ವೋಲ್ಟಿಗೆ ಏರಿದವು. ಅಷ್ಟೇ ಶಕ್ತಿಯನ್ನು ಇಮ್ಮಡಿ ವೋಲ್ಟಿನಲ್ಲಿ ಸಾಗಿಸಿದರೆ ಪ್ರವಾಹ ಅರ್ಧಕ್ಕಿಳಿಯುತ್ತದೆ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವುದು ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಕಾಲು ಭಾಗಕ್ಕಿಳಿಯುತ್ತದೆ.

ನಮ್ಮಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುವ ಕಾಲವೊಂದಿತ್ತು. 1980ರ ದಶಕದ ಮಧ್ಯದವರೆಗೂ ಅದು ನಡೆಯಿತು. ಆಗಿನ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಬಹುಕಾಲ ಡೈನಮೋ ಇತ್ತು. ಅಂದಿನ ಬ್ರಿಟಿಷ್ ಮಾದರಿಯ ಡೈನಮೋ ಕೊಡುತ್ತಿದ್ದದ್ದು ಸುಮಾರು 22 ಆಂಪಿಯರ್, ಅದೂ ಕಾರು ಓಡುವಾಗ. ಸಿಗ್ನಲಿನಲ್ಲಿ ನಿಂತರೆ ಬ್ಯಾಟರಿಯೇ ಗತಿ. ಆಲ್ಟರ್ನೇಟರಿನ ತತ್ತ್ವ ಹಳೆಯದಾದರೂ, ಪರ್ಯಾಯ ಪ್ರವಾಹವನ್ನು ನೇರವಾಗಿಸುವ ಅಗ್ಗದ ಸಿಲಿಕಾನ್ ಡಯೋಡುಗಳು ಬರುವವರೆಗೆ ಅದು ಸಾಮಾನ್ಯ ಕಾರುಗಳಿಗೆ ಬರಲಾಗಲಿಲ್ಲ. ಅರೆವಾಹಕಗಳ ಆ ಯುಗ ಪೀಣ್ಯದ ನೆರೆಗೂ ಬಂದಿತ್ತು: ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿ.ಇ.ಎಲ್. ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ವಾಲ್ವಿಗೂ ಅದನ್ನು ಹಿಂದೆ ಹಾಕಿದ ಸಾಧನಕ್ಕೂ ನಡುವೆ ಒಂದೇ ವರ್ಷ!

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರೊಂದಿಗೆ ಆಲ್ಟರ್ನೇಟರ್ ಮಧ್ಯಮವರ್ಗದ ಮನೆಯಂಗಳಕ್ಕೂ ಬಂದಿತು. ಕ್ಯಾಸೆಟ್ ಪ್ಲೇಯರುಗಳಿಗಾಗಿ ಜನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಮುಗಿಬಿದ್ದರು. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್.ಎಂ. ಆರಂಭವಾದ ಮೇಲಂತೂ ತುಮಕೂರು ರಸ್ತೆಯ ವಾಹನ ದಟ್ಟಣೆಯಲ್ಲಿ ಕಾರಿನ ಹಾಡೇ ಸಂಗಾತಿಯಾಯಿತು.

ಇಲ್ಲಿ ಒಂದು ಲೆಕ್ಕ ಮಾಡೋಣ. ಡ್ಯಾಷ್‌ಬೋರ್ಡಿನ ಸ್ಟೀರಿಯೋ ಮೇಲೆ ‘50 ವಾಟ್ × 4’ ಎಂದು ಬರೆದಿರುತ್ತದೆ. 14 ವೋಲ್ಟನ್ನು ಪೂರ್ತಿಯಾಗಿ ಬಳಸಿದರೂ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಸಿಗುವುದು ಹೆಚ್ಚೆಂದರೆ 24 ವಾಟ್. ಮಿಕ್ಕದ್ದು ಅಂಗಡಿಯವರ ಗಣಿತ. ಇದನ್ನು ಮೀರಬೇಕಾದರೆ ಆಂಪ್ಲಿಫೈಯರಿನೊಳಗೇ ವೋಲ್ಟನ್ನು ಏರಿಸಬೇಕು. ಪ್ರವಾಹವನ್ನು ಕತ್ತರಿಸಿ, ಟ್ರಾನ್ಸ್‌ಫಾರ್ಮರಿನಿಂದ ಏರಿಸಿ, ಮತ್ತೆ ನೇರವಾಗಿಸಬೇಕು. ಹಳೆಯ ವೈಬ್ರೇಟರ್ ಟ್ರಾನ್ಸಿಸ್ಟರಿನ ವೇಷದಲ್ಲಿ ಮರಳಿದ್ದು ಹೀಗೆ.

ಆದರೆ ಶಕ್ತಿ ಎಲ್ಲಿಂದ ಬರಬೇಕು? ಹಳೆಯ ಬಗೆಯ 500 ವಾಟಿನ ಆಂಪ್ಲಿಫೈಯರ್ ಅರ್ಧ ದಕ್ಷತೆಯದಾದರೆ ಸುಮಾರು 75 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ತಾಮ್ರದ ತಂತಿ ಎಂದಿಟ್ಟುಕೊಳ್ಳಿ. ಅದರ ಅಡ್ಡಕೊಯ್ತ 4 ಚದರ ಮಿಲಿಮೀಟರ್ ಇದ್ದರೆ ತಂತಿಯಲ್ಲೇ 1.6 ವೋಲ್ಟ್ ಕಳೆದುಹೋಗಿ, 120 ವಾಟ್ ಶಾಖ ಕಾರ್ಪೆಟ್ಟಿನಡಿ ಹುಟ್ಟುತ್ತದೆ. 25 ಚದರ ಮಿಲಿಮೀಟರ್ ತಂತಿಯಲ್ಲಿ ಕಳೆಯುವುದು ಕಾಲು ವೋಲ್ಟು ಮಾತ್ರ. ಅಂದು ಕರಿಹಲಗೆಯ ಮೇಲೆ ಓಮನ ನಿಯಮ ಬರೆದಾಗ ಆಕಳಿಸಿದವರು ಈಗಲಾದರೂ ಗಮನಿಸಬೇಕು!

ಹೋಗುವ ತಂತಿಯನ್ನಷ್ಟೇ ದಪ್ಪ ಮಾಡಿದರೆ ಸಾಲದು, ಹಿಂದಿರುಗುವ ದಾರಿಯೂ ಅಷ್ಟೇ ಅಗಲವಾಗಿರಬೇಕು. ಆದ್ದರಿಂದಲೇ ಬಲ್ಲವರು ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯ ಋಣ ಧ್ರುವದಿಂದ ಕಾರಿನ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ ಹೋಗುವ ಮೂರು ತಂತಿಗಳನ್ನು ಮೊದಲು ಬಲಪಡಿಸುತ್ತಾರೆ. ಹಲವರು ಇವನ್ನು ಬಿಟ್ಟು ಒಂದು ಫ್ಯಾರಡ್‌ನ ಹೊಳೆಯುವ ಕೆಪಾಸಿಟರ್ ಕೊಳ್ಳುತ್ತಾರೆ. ವೋಲ್ಟು ಒಂದಂಶ ಇಳಿಯುವಷ್ಟರಲ್ಲಿ ಅದು ಕೊಡಬಲ್ಲದ್ದು ಒಂದು ಕೂಲಂಬ್, ಎಂದರೆ 75 ಆಂಪಿಯರನ್ನು ಸೆಕೆಂಡಿನ ಎಪ್ಪತ್ತೈದನೆಯ ಒಂದು ಭಾಗದಷ್ಟು ಹೊತ್ತು. ಡೋಲಿನ ಒಂದು ಪೆಟ್ಟಿಗೂ ಅದು ಸಾಲದು. ನನ್ನ ಅಭಿಪ್ರಾಯದಲ್ಲಿ ಅದು ಕಾರಿಗೆ ತೊಡಿಸಿದ ಒಡವೆ.

1970ರ ದಶಕದಿಂದೀಚೆಗೆ ಬೆಳೆದ ಪೀಣ್ಯದಲ್ಲಿ ವಿದ್ಯುತ್ ಪ್ಯಾನೆಲ್ ಬೋರ್ಡು ಕಟ್ಟುವ ಕುಶಲಕರ್ಮಿಗಳು ಬೇಕಾದಷ್ಟು ಮಂದಿಯಿದ್ದಾರೆ. ತಂತಿಯ ತುದಿಗೆ ತವರ ಲೇಪಿಸಿದ ತಾಮ್ರದ ಲಗ್ ಹಾಕಿ ಯಂತ್ರದಿಂದ ಒತ್ತುವುದು, ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ ಬೋಲ್ಟು ಬಿಗಿಯುವುದು ಅವರಿಗೆ ನಿತ್ಯದ ಕೆಲಸ. ಇದೇ ಕೆಲಸವನ್ನು ರಸ್ತೆ ಬದಿಯಲ್ಲಿ ಸುತ್ತಿಗೆಯಿಂದ ಬಡಿದು, ಟೇಪು ಸುತ್ತಿ ಮುಗಿಸುವುದನ್ನೂ ಕಾಣುತ್ತೇವೆ. ತಾಮ್ರದ ಬೆಲೆಗೆ ಅಂಜಿ ಮೇಲೆ ತಾಮ್ರ, ಒಳಗೆ ಅಲ್ಯುಮಿನಿಯಂ ಇರುವ ತಂತಿಯನ್ನೂ ಮಾರುತ್ತಾರೆ. ಅಲ್ಯುಮಿನಿಯಮ್ಮಿನ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಫ್ಯೂಸ್. ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇದೆಯಲ್ಲ ಎನ್ನುವವರುಂಟು. ಆ ಫ್ಯೂಸ್ ಆಂಪ್ಲಿಫೈಯರಿನದು. ತಂತಿಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಎಂಜಿನ್ ಮನೆಯ ತಗಡಿನ ರಂಧ್ರದಲ್ಲಿ ತಂತಿಯ ಹೊದಿಕೆ ಉಜ್ಜಿ ಹರಿದು ಲೋಹಕ್ಕೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರುಗಳನ್ನು ಸುರಿಯುತ್ತದೆ. ಆ ರಂಧ್ರಕ್ಕೆ ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಬಳೆ ಹಾಕಿಸದವರ ಕಾರಿನಲ್ಲಿ ಮಕ್ಕಳು ಹಿಂದಿನ ಸೀಟಿನಲ್ಲಿ, ಅದೇ ತಂತಿಯ ಪಕ್ಕದಲ್ಲಿ ಕುಳಿತಿರುತ್ತಾರೆ.

ಈಚಿನ ಹಲವು ಕಾರುಗಳಲ್ಲಿ ಬ್ಯಾಟರಿಯ ಋಣ ಧ್ರುವದ ಮೇಲೆ ಪ್ರವಾಹವನ್ನು ಅಳೆಯುವ ಸಂವೇದಕವಿರುತ್ತದೆ. ಹೊಸ ತಂತಿಯನ್ನು ಅದರಾಚೆ, ಬಾಡಿಗೆ ಜೋಡಿಸಬೇಕು, ಇಲ್ಲದಿದ್ದರೆ ಕಾರಿನ ಲೆಕ್ಕ ತಪ್ಪುತ್ತದೆ. ವಿದ್ಯುತ್ ಕಾರುಗಳಲ್ಲಂತೂ ಆಲ್ಟರ್ನೇಟರೇ ಇಲ್ಲ. ದೊಡ್ಡ ಬ್ಯಾಟರಿಯ ನೂರಾರು ವೋಲ್ಟನ್ನು ಇಳಿಸಿ 12 ವೋಲ್ಟು ಕೊಡುವ ಪರಿವರ್ತಕವೊಂದಿದ್ದು, ಅದರ ಮಿತಿಯೇ ಹಾಡಿನ ಮಿತಿ. ಅಂಥ ಕಾರಿನಲ್ಲಿ ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಮುಟ್ಟಲು ಯಾರಿಗೂ ಬಿಡಬೇಡಿ.